ಕೊಲೆಗಾರ ಯಾರೆಂದು ಊರಿಗೆಲ್ಲ ಗೊತ್ತು: ಸಣ್ಣಾಟದಿಂದ ಬೆಳ್ಳಿತೆರೆಗೆ

ಕನ್ನಡದ ಅಪರಾಧ ಚಿತ್ರಗಳೆಂದರೆ ನಗರ, ಪತ್ತೇದಾರ, ಕೊನೆಯ ಗಳಿಗೆಯವರೆಗೂ ಬಚ್ಚಿಟ್ಟ ಕೊಲೆಗಾರ ಎಂಬ ಎಣಿಕೆ ರೂಢಿಯಲ್ಲಿದೆ. ಬೆಳಗಾವಿ ಜಿಲ್ಲೆಯ ಸಾಕ್ಷ್ಯ ಇನ್ನೊಂದು ಹಾದಿ ತೋರಿಸುತ್ತದೆ. ಇಲ್ಲಿ ಕೊಲೆಯ ಕಥೆ ಮೊದಲು ಅಟ್ಟ ಏರಿದ್ದು ಉತ್ತರ ಕರ್ನಾಟಕದ ಜನಪದ ರಂಗಪ್ರಕಾರವಾದ ಸಣ್ಣಾಟದಲ್ಲಿ. ಪುಸ್ತಕಕ್ಕೂ ತೆರೆಗೂ ಅದು ಬಂದದ್ದು ಆಮೇಲೆ.

ಈಗಿನ ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ ರುಕ್ಮಿಣಿ–ಸತ್ಯಭಾಮೆಯರ ಮತ್ಸರವನ್ನು ಆಡುಮಾತಿಗೆ ಇಳಿಸಿತ್ತು. ‘ಸಂಗ್ಯಾ ಬಾಳ್ಯಾ’ ಪುರಾಣವನ್ನೇ ಬಿಟ್ಟು, ಬೈಲಹೊಂಗಲ ಸೀಮೆಯಲ್ಲಿ ನಡೆದದ್ದೆನ್ನುವ ಕೊಲೆಯೊಂದನ್ನು ಎತ್ತಿಕೊಂಡಿತು. ಪತ್ತಾರ ಮಾಸ್ತರರ ಹೆಸರಿನಲ್ಲಿ ಪ್ರಸಿದ್ಧವಾದ ಈ ಆಟದಲ್ಲಿ ಸಿರಿವಂತ ಸಂಗ್ಯಾ ಪರರ ಹೆಂಡತಿ ಗಂಗಿಗೆ ಮನಸೋಲುತ್ತಾನೆ. ಕಡೆಗೆ ಅವನನ್ನು ಕೊಲ್ಲುವವರ ಕೈಗೆ ಒಪ್ಪಿಸುವವನು ಜೀವದ ಗೆಳೆಯ ಬಾಳ್ಯಾ. ಪಾತ್ರಧಾರಿಗಳದು ಧೋತರ, ರುಮಾಲಿನ ದಿನನಿತ್ಯದ ಉಡುಪು. ಹಿಮ್ಮೇಳಕ್ಕೆ ಡಪ್ಪು, ತಾಳ. ಸಾಯುವವನು ಯಾರು, ಕೊಲ್ಲುವವರು ಯಾರು ಎಂಬುದು ನೆರೆದವರಿಗೆಲ್ಲ ಮೊದಲೇ ಗೊತ್ತು. ಬೆಳತನಕ ಅವರನ್ನು ಹಿಡಿದು ಕೂರಿಸುವುದು ಬಾಳ್ಯಾನ ದ್ರೋಹ.

ಅಮೆರಿಕದಲ್ಲೂ ಇಂಥದೊಂದು ಪಯಣ ನಡೆದಿದೆ. ನ್ಯೂಯಾರ್ಕಿನಲ್ಲಿ 1927ರಲ್ಲಿ ಹೆಂಡತಿ ಮತ್ತು ಆಕೆಯ ಪ್ರಿಯಕರ ಸೇರಿ ಗಂಡನನ್ನು ಕೊಂದ ಪ್ರಕರಣ ಜೇಮ್ಸ್ ಎಂ. ಕೇನ್ ಬರೆದ ‘ಡಬಲ್ ಇಂಡೆಮ್ನಿಟಿ’ಗೆ ಪ್ರೇರಣೆಯಾಯಿತು, ಬಿಲ್ಲಿ ವೈಲ್ಡರ್ 1944ರಲ್ಲಿ ಅದನ್ನು ತೆರೆಗೆ ತಂದರು. ಅಲ್ಲಿಯೂ ಅಪರಾಧಿ ಆರಂಭದಲ್ಲೇ ತಪ್ಪೊಪ್ಪಿಕೊಳ್ಳುತ್ತಾನೆ.

ಇತ್ತ ಆಟವನ್ನು ಅಚ್ಚಿಗೂ ಆಧುನಿಕ ರಂಗಕ್ಕೂ ದಾಟಿಸಿದವರಲ್ಲಿ ಮುಖ್ಯರು ಚಂದ್ರಶೇಖರ ಕಂಬಾರ. 1937ರಲ್ಲಿ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿ, ಗೋಕಾಕದಲ್ಲಿ ಓದಿದ ಅವರು 1966ರಲ್ಲಿ ‘ಸಂಗ್ಯಾ ಬಾಳ್ಯಾ’ವನ್ನು ಸಂಪಾದಿಸಿದರು. ಸುಂದರಕೃಷ್ಣ ಅರಸ್ 1992ರಲ್ಲಿ ಅದೇ ಕಥೆಯನ್ನು ಸಿನಿಮಾ ಮಾಡಿದರು.

ಕಂಬಾರರ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಈ ಬೀಜ ಬೇರೆ ರೂಪ ತಾಳುತ್ತದೆ. ಹೆಂಡತಿಗೆ ಮಕ್ಕಳ ಭಾಗ್ಯ ಕೊಡಲಾಗದ ಗೌಡ, ಅವನೆದುರು ಹೊಲದ ಹಕ್ಕಿಗೆ ನಿಂತ ಬಸಣ್ಣ. ಗೌಡತಿ ಬಸಣ್ಣನಿಂದ ಬಸಿರಾಗುತ್ತಾಳೆ. ಗೌಡನ ಆಳುಗಳು ಬಸಣ್ಣನನ್ನು ಕೊಲ್ಲುತ್ತಾರೆ. ಹಾದರದ ಸೇಡಾಗಿದ್ದ ಕೊಲೆಗೆ ಇಲ್ಲಿ ಭೂಮಿಯ ಪ್ರಶ್ನೆಯೂ ಕೂಡಿಕೊಂಡಿತು.

ಕಂಬಾರರದೇ 1982ರ ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಯಲ್ಲಿ ಕತ್ತಲೆ ಇನ್ನೂ ದಟ್ಟ. ಟಿ.ಎಸ್. ನಾಗಾಭರಣ ಅದನ್ನು ಪ್ರೇಮಾ ಅಭಿನಯದಲ್ಲಿ ‘ಸಿಂಗಾರವ್ವ’ ಎಂದು ತೆರೆಗೆ ತಂದರು. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಕಾದಂಬರಿಯ ಬಲವಿರುವುದು ಅದರ ನಿರೂಪಣೆಯಲ್ಲಿ. ವೈಲ್ಡರ್ ಚಿತ್ರದಲ್ಲಿ ವಿಮೆಯ ಏಜೆಂಟ್ ಕಚೇರಿಯ ಧ್ವನಿಮುದ್ರಣ ಯಂತ್ರಕ್ಕೆ ತನ್ನ ಅಪರಾಧವನ್ನು ಹೇಳಿಕೊಂಡರೆ, ಇಲ್ಲಿ ಆಳುಮಗಳು ಶೀನಿಂಗವ್ವ ತಾನು ಕಂಡದ್ದನ್ನೆಲ್ಲ ಲೇಖಕನ ಮುಂದೆ ಬಿಚ್ಚಿಡುತ್ತಾಳೆ. ಅರಮನೆಯ ಒಳಗಿನ ಮಾತು ಹೊರಬರುವುದು ಅದರ ಕಸ ಗುಡಿಸಿದವಳ ಬಾಯಿಂದ.

‘ಸಿಂಗಾರವ್ವ’ ಚಿತ್ರವನ್ನು ಪಾಳೆಗಾರಿಕೆಯ ಅವನತಿಯ ಕಥೆಯೆಂದಷ್ಟೇ ನೋಡಿದರೆ ಈ ವಂಶಾವಳಿ ಕಣ್ತಪ್ಪುತ್ತದೆ. ಕನ್ನಡ ಅಪರಾಧ ಚಿತ್ರದ ಅಧ್ಯಯನಕ್ಕೆ ಸಣ್ಣಾಟದ ಪಠ್ಯಗಳನ್ನೂ ಮೂಲ ಆಕರವಾಗಿ ಸೇರಿಸಿಕೊಳ್ಳಬೇಕಾದದ್ದು ಅದಕ್ಕೇ.