ಕೆಲಸ ಖಾಲಿ ಇರುವ ಸುದ್ದಿ ಯಾರಿಗೆ ತಲುಪಿತು?

ಕಪ್ಪುವರ್ಣೀಯರನ್ನೋ ಲ್ಯಾಟಿನೋ ಜನರನ್ನೋ ಉದ್ದೇಶಿಸಿ ನಡೆಸುವ ಉದ್ಯೋಗ ಮೇಳಗಳು ಅಮೆರಿಕದಲ್ಲಿ ಈಗ ಕಟಕಟೆಯಲ್ಲಿ ನಿಂತಿವೆ. ಸರ್ಕಾರದ ಗುತ್ತಿಗೆ ಹಿಡಿಯುವ ಕಂಪನಿಗಳು ಜನಾಂಗಭೇದ ಮಾಡದಿದ್ದರೆ ಸಾಲದು, ಎಲ್ಲರಿಗೂ ಸಮಾನ ಅವಕಾಶ ಸಿಗುವಂತೆ ತಾವೇ ಮುಂದಾಗಿ ಕ್ರಮ ಕೈಗೊಳ್ಳಬೇಕು ಎಂದು ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ 11246ನೇ ಆದೇಶ ಹೊರಡಿಸಿದ್ದರು. ಡೊನಾಲ್ಡ್ ಟ್ರಂಪ್ 2025ರ ಜನವರಿ 21ರಂದು ಅದನ್ನು ರದ್ದು ಮಾಡಿದರು. ಅದೇ ವರ್ಷದ ಜುಲೈನಲ್ಲಿ ಅಲ್ಲಿನ ನ್ಯಾಯ ಇಲಾಖೆ, ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಜನಾಂಗದ ಲೆಕ್ಕ ನೋಡಿ ಊರು, ಕಾಲೇಜುಗಳನ್ನು ಆರಿಸಿಕೊಂಡು ಅಭ್ಯರ್ಥಿಗಳನ್ನು ಹುಡುಕುವುದೂ ಕಾನೂನಿಗೆ ವಿರುದ್ಧವಾಗಬಹುದೆಂದು ಎಚ್ಚರಿಸಿತು. ಒಬ್ಬರನ್ನು ಹೆಸರು ಹಿಡಿದು ಕರೆದರೆ ಉಳಿದವರಿಗೆ ಅನ್ಯಾಯವಾಗುತ್ತದೆ ಎನ್ನುವುದು ಇದರ ಹಿಂದಿನ ತರ್ಕ. ಕೇಳಿದ ಕೂಡಲೇ ಒಪ್ಪಬಹುದಾದ ಮಾತು ಅದು. ಆದರೆ ಅಮೆರಿಕದ ಕೆಲಸಗಾರರ ನೂರು ವರ್ಷಗಳ ಚರಿತ್ರೆ ಬೇರೆಯದನ್ನು ಹೇಳುತ್ತದೆ. ನೇಮಕಾತಿಯಲ್ಲಿ ಅನ್ಯಾಯ ಶುರುವಾಗುವುದು ಸಂದರ್ಶನಕ್ಕಿಂತ ಬಹಳ ಮೊದಲು, ಕೆಲಸ ಖಾಲಿ ಇದೆ ಎಂಬ ಸುದ್ದಿ ಯಾರ ಕಿವಿಗೆ ಬೀಳುತ್ತದೆ ಎಂಬಲ್ಲಿ. ಆ ಸುದ್ದಿಯನ್ನು ತಲುಪದವರಿಗೆ ತಲುಪಿಸಿ, ಆಮೇಲೆ ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೆಯುವುದಾದರೆ ಅಂಥ ಮೇಳ ಪಕ್ಷಪಾತವಾಗುವುದಿಲ್ಲ, ಹಳೆಯ ಪಕ್ಷಪಾತವೊಂದರ ತಿದ್ದುಪಡಿಯಾಗುತ್ತದೆ ಎಂಬುದು ಈ ಬರಹದ ವಾದ.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಭೇದವನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. ‘ಬಿಳಿಯರು ಬೇಕಾಗಿದ್ದಾರೆ’ ಎಂದು ಪತ್ರಿಕೆಗಳ ಜಾಹೀರಾತುಗಳು ಬಾಯಿಬಿಟ್ಟೇ ಹೇಳುತ್ತಿದ್ದವು. ಕಪ್ಪುಜನರು ಗಿರಾಕಿಗಳಾಗಿ ತುಂಬಿರುತ್ತಿದ್ದ ಅಂಗಡಿಗಳಲ್ಲೂ ಗಲ್ಲಾದ ಹಿಂದೆ ಬಿಳಿಯರೇ ಕೂತಿರುತ್ತಿದ್ದರು. ನಿಮಗೆ ಕೆಲಸ ಕೊಡದ ಅಂಗಡಿಯಲ್ಲಿ ಸಾಮಾನು ಕೊಳ್ಳಬೇಡಿ ಎಂಬ ಚಳವಳಿ 1920ರ ದಶಕದ ಕೊನೆಯಲ್ಲಿ ಶಿಕಾಗೊದಲ್ಲಿ ಎದ್ದು ಹಾರ್ಲೆಮ್, ವಾಷಿಂಗ್ಟನ್‌ಗಳಿಗೆ ಹಬ್ಬಿತು. ಅಂಗಡಿಯ ಮುಂದೆ ಫಲಕ ಹಿಡಿದು ನಿಲ್ಲುವುದು ತಪ್ಪಲ್ಲವೆಂದು ಸುಪ್ರೀಂ ಕೋರ್ಟು 1938ರಲ್ಲಿ ಒಪ್ಪಿತು. ಯುದ್ಧಸಾಮಗ್ರಿ ಕಾರ್ಖಾನೆಗಳು ಕಪ್ಪುಜನರನ್ನು ದೂರವಿಟ್ಟಿದ್ದಾಗ, ರೈಲ್ವೆ ಪುಲ್‌ಮನ್ ಡಬ್ಬಿಗಳ ಪೋರ್ಟರುಗಳ ಸಂಘ ಕಟ್ಟಿದ ಎ. ಫಿಲಿಪ್ ರಾಂಡಾಲ್ಫ್ ರಾಜಧಾನಿಗೆ ಭಾರಿ ಮೆರವಣಿಗೆ ತರುವುದಾಗಿ ಸಾರಿದರು. ಅಧ್ಯಕ್ಷ ರೂಸ್‌ವೆಲ್ಟ್ 1941ರ ಜೂನ್ 25ರಂದು 8802ನೇ ಆದೇಶಕ್ಕೆ ಸಹಿ ಹಾಕಿ ರಕ್ಷಣಾ ಉದ್ದಿಮೆಗಳಲ್ಲಿ ಜನಾಂಗಭೇದವನ್ನು ನಿಷೇಧಿಸಿದರು. ಅದನ್ನು ಜಾರಿಗೆ ತರಬೇಕಿದ್ದ ಸಮಿತಿಗೆ ಹಲ್ಲಿರಲಿಲ್ಲ. ಯುದ್ಧ ಮುಗಿದ ಮರುವರ್ಷವೇ ಅದೂ ಮುಗಿಯಿತು.

1964ರ ನಾಗರಿಕ ಹಕ್ಕು ಕಾಯ್ದೆ ಬಂದಮೇಲೆ ‘ಬಿಳಿಯರಿಗೆ ಮಾತ್ರ’ ಎಂದು ಬರೆಯುವುದು ಕಾನೂನುಬಾಹಿರವಾಯಿತು. ಹಾಗೆ ಬರೆಯುವ ಅಗತ್ಯವೇ ಇರಲಿಲ್ಲ ಎಂಬುದು ಆಗ ಬಯಲಾಯಿತು. ನ್ಯೂ ಆರ್ಲಿಯನ್ಸ್‌ನ 53ನೇ ಸ್ಥಳೀಯ ಸಂಘದ ಪ್ರಕರಣವನ್ನು ಹತ್ತಿರದಿಂದ ನೋಡಬೇಕು. ಕೊಳವೆ, ಬಾಯ್ಲರುಗಳಿಗೆ ಶಾಖ ತಡೆಯುವ ಆಸ್ಬೆಸ್ಟಾಸ್ ಹೊದಿಕೆ ಕೂರಿಸುವ ಕಾರ್ಮಿಕರ ಸಂಘ ಅದು. ಆ ಕೆಲಸ ಬೇಕೆಂದವರು ಸಂಘದ ಮೂಲಕವೇ ಬರಬೇಕು. ಸಂಘಕ್ಕೆ ಸೇರಬೇಕಾದರೆ ಹಳೆಯ ಸದಸ್ಯರ ಶಿಫಾರಸು ಬೇಕು, ಬಹುಮತದ ಒಪ್ಪಿಗೆ ಬೇಕು, ಸದಸ್ಯನೊಬ್ಬನ ಹತ್ತಿರದ ನೆಂಟಸ್ತಿಕೆಯೂ ಬೇಕು. ನಾಲ್ಕು ವರ್ಷಗಳಲ್ಲಿ ಸಂಘ ಸೇರಿಸಿಕೊಂಡ 72 ಹೊಸಬರಲ್ಲಿ 69 ಮಂದಿ ಸದಸ್ಯರ ಮಕ್ಕಳು ಇಲ್ಲವೇ ಮಲಮಕ್ಕಳು. ಉಳಿದ ಮೂವರು, ಸದಸ್ಯರು ಮಕ್ಕಳಂತೆ ಸಾಕಿ ಬೆಳೆಸಿದ ಒಡಹುಟ್ಟಿದವರ ಮಕ್ಕಳು. ಇದರಲ್ಲಿ ಎಲ್ಲೂ ಬಣ್ಣದ ಮಾತಿಲ್ಲ. ಆದರೆ ತಂದೆಯ ಕಾಲದಲ್ಲಿ ಬಾಗಿಲು ಮುಚ್ಚಿಸಿಕೊಂಡ ಕಪ್ಪುಜನರಿಗೆ ಸಂಘದೊಳಗೆ ಅಪ್ಪನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ಹಿಂದಿನ ತಲೆಮಾರಿನ ಭೇದವನ್ನು ಮುಂದಿನ ತಲೆಮಾರಿಗೆ ದಾಟಿಸಲು ನೆಂಟಸ್ತಿಕೆಯೇ ಸಾಕಾಗಿತ್ತು. ಮೇಲ್ಮನವಿ ನ್ಯಾಯಾಲಯ 1969ರಲ್ಲಿ ಈ ನಿಯಮವನ್ನು ಕಾನೂನುಬಾಹಿರವೆಂದು ತಳ್ಳಿಹಾಕಿತು. ಮರುವರ್ಷ ಸೌತ್‌ವೆಸ್ಟರ್ನ್ ಬೆಲ್ ದೂರವಾಣಿ ಕಂಪನಿಯ ಮೊಕದ್ದಮೆಯಲ್ಲೂ, ಬಹುಪಾಲು ಬಿಳಿಯರೇ ಇರುವ ಕಡೆ ಇರುವ ನೌಕರರ ಬಾಯಿಮಾತಿನಿಂದಲೇ ಹೊಸಬರನ್ನು ತುಂಬಿಕೊಳ್ಳುವ ಪದ್ಧತಿ ಭೇದವೇ ಎಂದು ಮತ್ತೊಂದು ಮೇಲ್ಮನವಿ ನ್ಯಾಯಾಲಯ ಹೇಳಿತು.

ನೆಂಟಸ್ತಿಕೆ ಕೂಲಿಕಾರರ ಲೋಕಕ್ಕೆ ಮಾತ್ರ ಸೇರಿದ್ದಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಮ್ಯಾಸಚೂಸೆಟ್ಸ್‌ನ ನ್ಯೂಟನ್ ಎಂಬ ಊರಿನಲ್ಲಿ ಒಳ್ಳೆಯ ಹುದ್ದೆಗಳಲ್ಲಿದ್ದ ಗಂಡಸರನ್ನು ನಿಮಗೆ ಕೆಲಸ ಸಿಕ್ಕಿದ್ದು ಹೇಗೆ ಎಂದು ವಿಚಾರಿಸಿ 1974ರಲ್ಲಿ ಪುಸ್ತಕ ಬರೆದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ, ಸುಮಾರು ಶೇ 56ರಷ್ಟು ಮಂದಿಗೆ, ಕೆಲಸದ ಸುಳಿವು ಸಿಕ್ಕಿದ್ದು ಪರಿಚಯದವರಿಂದ. ಪರಿಚಯ ಬೆಳೆಯುವುದು ಒಂದೇ ಕೇರಿ, ಒಂದೇ ಶಾಲೆ, ಒಂದೇ ಚರ್ಚಿನಲ್ಲಿ. ಕೇರಿ, ಶಾಲೆ, ಚರ್ಚುಗಳನ್ನೆಲ್ಲ ಬಣ್ಣದ ಮೇಲೆ ಹಂಚಿಟ್ಟ ದೇಶದಲ್ಲಿ ಪರಿಚಯವೂ ಬಣ್ಣದ ಮೇಲೆಯೇ ಹಂಚಿಹೋಗುತ್ತದೆ. ಅಂದರೆ ಮಾಲೀಕನ ಮನಸ್ಸಿನಲ್ಲಿ ಎಳ್ಳಷ್ಟು ದ್ವೇಷ ಇಲ್ಲದಿದ್ದರೂ ಅವನ ಕಾರ್ಖಾನೆ ಒಂದೇ ಬಣ್ಣದ್ದಾಗಿ ಉಳಿಯಬಹುದು. ಕೇಳಿಕೊಂಡು ಬಂದವನನ್ನು ಬಣ್ಣ ನೋಡಿ ತಿರಸ್ಕರಿಸಬಾರದು ಎಂದು ಕಾಯ್ದೆ ಹೇಳಿತು. ಸುದ್ದಿಯೇ ತಿಳಿಯದೆ ಬಾಗಿಲಿಗೆ ಬಾರದವನ ವಿಷಯದಲ್ಲಿ ಅದು ಹೆಚ್ಚೇನೂ ಮಾಡುವಂತಿರಲಿಲ್ಲ.

ಉದ್ಯೋಗ ಮೇಳಗಳ ಬೇರು ಇರುವುದು ಈ ಕೊರತೆಯಲ್ಲಿ. ಕಪ್ಪುಜನರಿಗೆಂದೇ ಸ್ಥಾಪಿತವಾದ ಕಾಲೇಜುಗಳು ದಕ್ಷಿಣದ ರಾಜ್ಯಗಳಲ್ಲಿ ಹತ್ತಾರು ವರ್ಷಗಳಿಂದ ಪದವೀಧರರನ್ನು ತಯಾರು ಮಾಡುತ್ತಿದ್ದವು. ದೊಡ್ಡ ಕಂಪನಿಗಳು ಮಾತ್ರ ಅತ್ತ ತಲೆ ಹಾಕಿ ಮಲಗಿರಲಿಲ್ಲ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1976ರಲ್ಲಿ ಕೊಟ್ಟ ಲೆಕ್ಕ ಕಣ್ಣು ತೆರೆಸುವಂಥದ್ದು. ಅವರು ಗಮನಿಸಿದ ಇಂಥ ಕಾಲೇಜುಗಳಿಗೆ 1960ರಲ್ಲಿ ಅಭ್ಯರ್ಥಿಗಳನ್ನು ಹುಡುಕಿಕೊಂಡು ಬಂದ ಕಂಪನಿಗಳು ಸರಾಸರಿ 4. 1965ರಲ್ಲಿ ಅದು 30ಕ್ಕೆ ಏರಿತು, 1970ರಲ್ಲಿ 297ಕ್ಕೆ. ಹತ್ತು ವರ್ಷಗಳಲ್ಲಿ ಆ ವಿದ್ಯಾರ್ಥಿಗಳ ಬುದ್ಧಿ ಎಪ್ಪತ್ತು ಪಟ್ಟು ಹೆಚ್ಚಲಿಲ್ಲ. ಕಾನೂನಿನ ಒತ್ತಾಯಕ್ಕೆ ಕಂಪನಿಗಳು ದಾರಿ ತಿಳಿದುಕೊಂಡವು, ಅಷ್ಟೇ. ಇತ್ತ ವಿದ್ಯಾರ್ಥಿಗಳೂ ಸುಮ್ಮನೆ ಕೂರಲಿಲ್ಲ. 1975ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಕಪ್ಪು ಎಂಜಿನಿಯರಿಂಗ್ ವಿದ್ಯಾರ್ಥಿಗಳು ರಾಷ್ಟ್ರಮಟ್ಟದ ಸಂಘ ಕಟ್ಟಿಕೊಂಡರು. ಅದರ ವಾರ್ಷಿಕ ಸಮಾವೇಶದ ಉದ್ಯೋಗ ಮೇಳಕ್ಕೆ ಇಂದು ದೊಡ್ಡ ಕಂಪನಿಗಳು ಬಂದು ಮಳಿಗೆ ಹಾಕುತ್ತವೆ. ಫಿಲಡೆಲ್ಫಿಯಾದ ಪಾದ್ರಿ ಲಿಯೊನ್ ಸಲಿವನ್, ಕಪ್ಪುಜನರಿಗೆ ಕೆಲಸ ಕೊಡದ ಕಂಪನಿಗಳ ವಿರುದ್ಧ 1960ರಿಂದ ಬಹಿಷ್ಕಾರ ನಡೆಸಿ ಬಾಗಿಲು ತೆರೆಸಿದವರು. ತೆರೆದ ಬಾಗಿಲಿನಲ್ಲಿ ಹೋಗಲು ಕಸುಬು ಬೇಕೆಂದು ಕಂಡು 1964ರಲ್ಲಿ ಪಾಳುಬಿದ್ದ ಹಳೆಯ ಜೈಲಿನಲ್ಲೇ ತರಬೇತಿ ಶಾಲೆ ತೆರೆದರು. ಸುದ್ದಿ ಮುಟ್ಟಿಸುವುದು, ತಯಾರು ಮಾಡುವುದು ಎರಡೂ ಒಂದೇ ಕೆಲಸದ ಭಾಗ ಎಂದು ಅವರು ಅರಿತಿದ್ದರು.

ಇಲ್ಲಿ ಒಂದು ಗೆರೆ ಎಳೆಯಬೇಕು. 1969ರಲ್ಲಿ ನಿಕ್ಸನ್ ಸರ್ಕಾರದ ಕಾರ್ಮಿಕ ಇಲಾಖೆಯ ಆರ್ಥರ್ ಫ್ಲೆಚರ್ ತಂದ ಫಿಲಡೆಲ್ಫಿಯಾ ಯೋಜನೆ, ಕಟ್ಟಡ ಗುತ್ತಿಗೆದಾರರು ಇಷ್ಟು ವರ್ಷದಲ್ಲಿ ಅಲ್ಪಸಂಖ್ಯಾತರು ಇಷ್ಟು ಮಂದಿ ಇರುವಂತೆ ಪ್ರಯತ್ನಿಸಬೇಕು ಎಂದು ಗುರಿ ಹಾಕಿತು. ಅದು ಆಯ್ಕೆಯ ಫಲಿತಾಂಶಕ್ಕೇ ಕೈ ಹಾಕುವ ಕ್ರಮ. ಅದರ ಪರ ವಿರೋಧ ವಾದಗಳು ಬೇರೆ. ಮೇಳ ಕೈ ಹಾಕುವುದು ಅರ್ಜಿಗಳ ರಾಶಿಗೆ ಮಾತ್ರ. ಯಾರ್‍ಯಾರು ಅರ್ಜಿ ಹಾಕಬಹುದು ಎಂಬುದನ್ನು ಅದು ಹಿಗ್ಗಿಸುತ್ತದೆ, ಯಾರು ಆಯ್ಕೆಯಾಗಬೇಕೆಂದು ಹೇಳುವುದಿಲ್ಲ. ಜನಾಂಗದ ಆಧಾರದ ಆಯ್ಕೆಯ ಬಗ್ಗೆ ಬಹುಕಾಲ ಸಂಶಯ ತೋರಿದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಥೊನಿ ಕೆನಡಿ ಕೂಡ 2007ರ ಶಾಲಾ ಪ್ರಕರಣವೊಂದರಲ್ಲಿ, ವಿದ್ಯಾರ್ಥಿಗಳನ್ನೂ ಶಿಕ್ಷಕರನ್ನೂ ಗುರಿಯಿಟ್ಟು ಹುಡುಕಿ ಕರೆಯುವುದು ಒಪ್ಪಬಹುದಾದ ದಾರಿ ಎಂದು ಬರೆದರು.

ಈ ಗೆರೆ ಅಷ್ಟು ಸ್ಪಷ್ಟವಲ್ಲ ಎನ್ನುವವರ ಅತಿ ಗಟ್ಟಿ ಆಕ್ಷೇಪ 2001ರ ತೀರ್ಪೊಂದರಲ್ಲಿದೆ. ರೇಡಿಯೊ, ಟಿವಿ ಕೇಂದ್ರಗಳು ಮಹಿಳೆಯರನ್ನೂ ಅಲ್ಪಸಂಖ್ಯಾತರನ್ನೂ ಹುಡುಕಿ ಕರೆಯುವಂತೆ ಅಮೆರಿಕ ಸರ್ಕಾರದ ಸಂಪರ್ಕ ಆಯೋಗ ಒತ್ತಡ ತಂದಿತ್ತು. ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ಹೊಡೆದುಹಾಕಿತು. ಹುಡುಕಾಟಕ್ಕೆ ಖರ್ಚು ಮಾಡುವ ಹಣಕ್ಕೆ ಮಿತಿಯಿದೆ, ಒಂದು ಕಡೆಗೆ ಹರಿಸಿದರೆ ಇನ್ನೊಂದು ಕಡೆಯ ಅರ್ಹರಿಗೆ ಸುದ್ದಿ ತಲುಪದೆ ಹೋಗಬಹುದು ಎಂಬುದು ಅದರ ಕಾರಣ. ಗಮನಿಸಿ: ಸುದ್ದಿ ಸಿಗದಿರುವುದೇ ಅವಕಾಶ ತಪ್ಪುವುದು ಎಂದು ಈ ತೀರ್ಪು ತಾನೇ ಒಪ್ಪಿಕೊಂಡಿತು. ಬಿಳಿಯ ಅಭ್ಯರ್ಥಿಗೆ ಸುದ್ದಿ ತಪ್ಪಿದರೆ ನಷ್ಟವೆಂದಾದರೆ, ತಲೆಮಾರುಗಳ ಕಾಲ ಸುದ್ದಿ ತಪ್ಪಿದ ಕಪ್ಪು ಅಭ್ಯರ್ಥಿಗೆ ಆದದ್ದೂ ನಷ್ಟವೇ. ಇದರಿಂದ ಮೇಳ ನಿಲ್ಲಿಸಬೇಕೆಂದು ಸಿದ್ಧವಾಗುವುದಿಲ್ಲ. ಮೇಳದ ಜೊತೆಗೆ ಎಲ್ಲರ ಕಣ್ಣಿಗೆ ಬೀಳುವ ಜಾಹೀರಾತೂ ಇರಲೇಬೇಕು, ಮೇಳಕ್ಕೆ ಬಂದ ಯಾರನ್ನೂ ಬಣ್ಣ ನೋಡಿ ಹಿಂದೆ ಕಳಿಸಬಾರದು ಎಂದು ಸಿದ್ಧವಾಗುತ್ತದೆ. ಈ ಷರತ್ತನ್ನು ಮುರಿದ ಮೇಳವನ್ನು ನಾನು ಸಮರ್ಥಿಸಲಾರೆ.

ಎರಡನೆಯ ಆಕ್ಷೇಪ, ಬಾಯಿಮಾತಿನ ನೇಮಕಾತಿ ಬಡವನ ಬಂಡವಾಳವೂ ಹೌದಲ್ಲ ಎಂಬುದು. ಶಿಕಾಗೊದಲ್ಲಿ ಕೊರಿಯಾ ಮೂಲದ ಒಬ್ಬರು ನಡೆಸುತ್ತಿದ್ದ ಸಣ್ಣ ಸ್ವಚ್ಛತಾ ಕಂಪನಿಯಲ್ಲಿ ಹೆಚ್ಚಿನವರು ಕೊರಿಯನ್ನರೇ ಇದ್ದರು. ಪರಿಚಯದವರ ಮಾತಿನ ಮೇಲೆ ಜನ ಬಂದು ಸೇರುತ್ತಿದ್ದರು. ಸರ್ಕಾರ ಹೂಡಿದ ಮೊಕದ್ದಮೆಯನ್ನು 1993ರಲ್ಲಿ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಒಪ್ಪಲಿಲ್ಲ. ಸಣ್ಣ ಉದ್ದಿಮೆಗೆ ಅದೇ ಅಗ್ಗದ, ಸಲೀಸಾದ ದಾರಿ ಎಂದರು. ಆ ತೀರ್ಪು ನ್ಯಾಯವಾದದ್ದೇ. ವಲಸೆ ಬಂದ ಪ್ರತಿಯೊಂದು ಸಮುದಾಯವೂ ಹೀಗೆಯೇ ಕಾಲೂರಿದೆ. ಆದರೆ ಹತ್ತು ಮಂದಿಯ ಅಂಗಡಿಗೆ ಸಲ್ಲುವ ರಿಯಾಯಿತಿ ಹತ್ತು ಸಾವಿರ ಮಂದಿಯ ಕಂಪನಿಗೆ ಸಲ್ಲುವುದಿಲ್ಲ. ಊರಿನ ಒಳ್ಳೆಯ ಕೆಲಸಗಳೆಲ್ಲ ಯಾರ ಕೈಯಲ್ಲಿವೆಯೋ ಅವರು ಬಾಯಿಮಾತಿಗೆ ಜೋತುಬಿದ್ದರೆ, ಹೊರಗಿರುವವರು ಹೊರಗೇ ಉಳಿಯುತ್ತಾರೆ.

ಕನ್ನಡಿಗರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಅಮೆರಿಕದಲ್ಲಿ ಕಾಯಂ ನೆಲೆಸಲು ಬೇಕಾದ ಹಸಿರು ಕಾರ್ಡಿನ (ಗ್ರೀನ್ ಕಾರ್ಡ್) ದಾರಿಯಲ್ಲಿ ಕಂಪನಿಯು ತನ್ನ ವೀಸಾ ನೌಕರನ ಹುದ್ದೆಯನ್ನು ಮೊದಲು ಅಮೆರಿಕದ ಕೆಲಸಗಾರರಿಗಾಗಿ ಜಾಹೀರು ಮಾಡಬೇಕು. ಬೆಂಗಳೂರಿನಿಂದ ಹೋದ ಸಾವಿರಾರು ಟೆಕ್ಕಿಗಳು ಈ ಘಟ್ಟ ದಾಟಿದವರು. ಫೇಸ್‌ಬುಕ್ ಈ ಹುದ್ದೆಗಳನ್ನು ತನ್ನ ಜಾಲತಾಣದಲ್ಲಿ ಹಾಕದೆ, ಅರ್ಜಿಯನ್ನು ಅಂಚೆಯಲ್ಲೇ ಕಳಿಸಬೇಕೆಂದು ನಿಯಮ ಮಾಡಿ ಸುದ್ದಿ ಹರಡದಂತೆ ನೋಡಿಕೊಂಡಿತು ಎಂದು ನ್ಯಾಯ ಇಲಾಖೆ ಆರೋಪಿಸಿತು. 2021ರಲ್ಲಿ ಕಂಪನಿ 1.425 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಇಂಥದೇ ಆರೋಪದಲ್ಲಿ 2023ರಲ್ಲಿ ಆ್ಯಪಲ್ 2.5 ಕೋಟಿ ಡಾಲರ್‌ವರೆಗೆ ಒಪ್ಪಿಕೊಂಡಿತು. ಇಲ್ಲಿ ಲಾಭ ಆಗಬಹುದಾಗಿದ್ದದ್ದು ನಮ್ಮವರಿಗೆ, ಸುದ್ದಿ ತಪ್ಪಿದ್ದು ಅಲ್ಲಿಯವರಿಗೆ. ತತ್ವ ಮಾತ್ರ ಒಂದೇ. ನಮ್ಮವರಿಗೆ ಅನುಕೂಲವಾದಾಗ ಸುದ್ದಿ ಮುಚ್ಚಿಡುವುದು ಸರಿ, ಪ್ರತಿಕೂಲವಾದಾಗ ತಪ್ಪು ಎಂದರೆ ಅದು ನ್ಯಾಯವಾಗದು.

ಬಡ ಬಿಳಿಯನ ಪ್ರಶ್ನೆ ಇನ್ನೂ ಉಳಿಯಿತು. ಅಪಲೇಚಿಯಾದ ಕಲ್ಲಿದ್ದಲು ಗಣಿ ಮುಚ್ಚಿದ ಕಣಿವೆಯ ಹುಡುಗನಿಗೂ ದೊಡ್ಡ ಕಂಪನಿಯಲ್ಲಿ ಪರಿಚಯದವರಿಲ್ಲ. ಈ ಮಾತು ಪೂರ್ತಿ ನಿಜ. ಅದಕ್ಕೆ ಉತ್ತರ ಅಲ್ಲಿಗೂ ಮೇಳ ಒಯ್ಯುವುದು, ಇಲ್ಲಿರುವುದನ್ನು ಮುಚ್ಚುವುದಲ್ಲ. ಮೇಳಗಳೆಲ್ಲ ತೋರಿಕೆ, ಕೊನೆಗೆ ಕೆಲಸ ಕೊಡುವುದಿಲ್ಲ ಎಂದು ಇನ್ನೊಂದು ಕಡೆಯವರು ದೂರುತ್ತಾರೆ. ಅವರ ಅನುಮಾನಕ್ಕೂ ಆಧಾರವಿದೆ. ಸಮಾಜಶಾಸ್ತ್ರಜ್ಞೆ ಡೆವಾ ಪೇಜರ್ ಮಿಲ್ವಾಕಿಯಲ್ಲಿ ಒಂದೇ ಬಗೆಯ ಅರ್ಹತೆಯ ಯುವಕರನ್ನು ಕೆಲಸ ಕೇಳಲು ಕಳಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೈಲು ಕಂಡವನೆಂದು ಹೇಳಿಕೊಂಡ ಬಿಳಿಯನಿಗೆ ಶೇ 17ರಷ್ಟು ಕಡೆಯಿಂದ ಮರುಕರೆ ಬಂತು. ಯಾವ ಕಳಂಕವೂ ಇಲ್ಲದ ಕಪ್ಪು ಯುವಕನಿಗೆ ಬಂದದ್ದು ಶೇ 14. ಬಾಗಿಲಿಗೆ ಕರೆದು ಒಳಗೆ ಇಂಥ ತಕ್ಕಡಿ ಇಟ್ಟರೆ ಮೇಳದಿಂದ ಉಪಯೋಗವಿಲ್ಲ. ಆದರೂ ಪ್ರಾಮಾಣಿಕವಾಗಿ ನಡೆಸಿದಲ್ಲಿ ಫಲ ಕಂಡಿದೆ. ಕಾಲೇಜುಗಳಲ್ಲಿ ಅಲ್ಪಸಂಖ್ಯಾತರನ್ನು ಹುಡುಕುವ ಕಾರ್ಯಕ್ರಮ ಹಾಕಿಕೊಂಡ ಕಂಪನಿಗಳಲ್ಲಿ ಐದು ವರ್ಷದ ನಂತರ ವ್ಯವಸ್ಥಾಪಕ ಹುದ್ದೆಯ ಕಪ್ಪು ಗಂಡಸರ ಪ್ರಮಾಣ ಶೇ 8ರಷ್ಟು, ಹೆಂಗಸರದು ಶೇ 9ರಷ್ಟು ಏರಿದ್ದನ್ನು ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಲೇವ್ 2016ರಲ್ಲಿ ತೋರಿಸಿದ್ದಾರೆ.

ಆದ್ದರಿಂದ ಮೇಳ ನಡೆಸುವ ಯಾವುದೇ ಸಂಸ್ಥೆಗೆ ಕೇಳಬೇಕಾದ ಪ್ರಶ್ನೆಗಳು ಮೂರು. ಈ ಹುದ್ದೆಯ ಸುದ್ದಿ ಎಲ್ಲರಿಗೂ ಸಿಗುವ ಕಡೆಯೂ ಇದೆಯೇ? ಮೇಳದ ಬಾಗಿಲು ಎಲ್ಲರಿಗೂ ತೆರೆದಿದೆಯೇ? ಆಯ್ಕೆಯ ಅಳತೆಗೋಲು ಎಲ್ಲರಿಗೂ ಒಂದೇ ಆಗಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಆ ಮೇಳ ನ್ಯಾಯವಾದದ್ದು. ಅದನ್ನು ಕಾನೂನಿನ ಹೆಸರಿನಲ್ಲಿ ಮುಚ್ಚಿಸುವವರು, 72 ಹೊಸಬರಲ್ಲಿ ಒಬ್ಬ ಹೊರಗಿನವನೂ ಇರದಿದ್ದ ಆ ಹಳೆಯ ವ್ಯವಸ್ಥೆಗೆ ತಿಳಿದೋ ತಿಳಿಯದೆಯೋ ದಾರಿ ಮಾಡಿಕೊಡುತ್ತಿದ್ದಾರೆ.