ಜೈವಿಕ ಡೀಸೆಲ್ ತಯಾರಿಕೆಯಲ್ಲಿ ಆಹಾರ ತ್ಯಾಜ್ಯದ ಕ್ರಿಯಾವರ್ಧಕಗಳು

ಎಣ್ಣೆಯನ್ನು ಮೆಥನಾಲ್‌ನೊಂದಿಗೆ ಬೆರೆಸಿ ಕಾಯಿಸಿದಾಗ ದೊರೆಯುವ ಎಸ್ಟರೇ ಜೈವಿಕ ಡೀಸೆಲ್. ಗ್ಲಿಸರಿನ್ ಬೇರೆಯಾಗಿ ತಳದಲ್ಲಿ ನಿಲ್ಲುತ್ತದೆ. ಕ್ರಿಯೆಯನ್ನು ತ್ವರೆಗೊಳಿಸಲು ಸಾಮಾನ್ಯವಾಗಿ ಬಳಸುವುದು ಕಾಸ್ಟಿಕ್ ಸೋಡಾ. ಅದರ ಬದಲು ಮೊಟ್ಟೆಯ ಚಿಪ್ಪು, ಬಾಳೆಯ ಬೂದಿಗಳನ್ನು ಬಳಸುವ ಸಂಶೋಧನೆ ಬಹುಪಾಲು ಈ ಶತಮಾನದ್ದು.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಿಂದಲೇ ಓಡಿತ್ತು. ಆದರೆ ಹಸಿ ಎಣ್ಣೆ ಮಂದವಾದದ್ದರಿಂದ ಎಂಜಿನ್ನಿಗೆ ಒಗ್ಗದು. 1937ರಲ್ಲಿ ಬ್ರಸೆಲ್ಸ್‌ನ ಸಂಶೋಧಕ ಶವಾನ್ ತಾಳೆ ಎಣ್ಣೆಯ ಎಸ್ಟರ್‌ಗೆ ಪೇಟೆಂಟ್ ಪಡೆದರು. ಕಾಸ್ಟಿಕ್ ಸೋಡಾ ಇಂಧನದಲ್ಲಿ ಕರಗಿ ಉಳಿಯುವುದರಿಂದ ಅದನ್ನು ತೊಳೆಯಲು ನೀರು ಬಹಳ ಬೇಕು. ಸೋಸಿ ತೆಗೆಯಬಹುದಾದ ಘನ ಕ್ರಿಯಾವರ್ಧಕಗಳನ್ನು ಪೀಟರ್ಸನ್ ಮತ್ತು ಸ್ಕಾರಾ 1984ರಲ್ಲಿ ಪರೀಕ್ಷಿಸಿದರು. 2009ರಲ್ಲಿ ಚೀನಾದ ಸಂಶೋಧಕರು ಸುಟ್ಟ ಮೊಟ್ಟೆಚಿಪ್ಪಿನಿಂದ 65 ಡಿಗ್ರಿ ಶಾಖದಲ್ಲಿ, 3 ಗಂಟೆಯಲ್ಲಿ ಶೇ. 95ರಷ್ಟು ಇಳುವರಿ ಪಡೆದರು. ಅಸ್ಸಾಮಿನಲ್ಲಿ ಬಾಳೆದಿಂಡಿನ ಬೂದಿಯಿಂದ ಹಳದಿ ಕಣಗಿಲೆ ಬೀಜದ ಎಣ್ಣೆಯನ್ನು ಪರಿವರ್ತಿಸಿದ ವರದಿ 2011ರದು. ಅಲ್ಲಿ ಕೆಲಸ ಮಾಡುವುದು ಪೊಟ್ಯಾಸಿಯಂ.

ಚಿಪ್ಪಿನ ಸುಮಾರು ಶೇ. 95 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ತೊಳೆದು, ಪುಡಿಮಾಡಿ 800 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. 100 ಗ್ರಾಂ ಕಾರ್ಬೊನೇಟಿಗೆ 56 ಗ್ರಾಂ. ಉತ್ತರ ಕರ್ನಾಟಕದ ಸುಣಗಾರರ ಭಟ್ಟಿಯಲ್ಲಿ ಸುಣ್ಣದ ಕಲ್ಲಿಗೆ ಆಗುವುದೂ ಇದೇ. ಗಾಳಿಗೆ ತೆರೆದಿಟ್ಟರೆ ಈ ಸುಣ್ಣ ತೇವ ಹೀರಿ ಶಕ್ತಿ ಕಳೆದುಕೊಳ್ಳುತ್ತದೆ.

ಕರ್ನಾಟಕದಲ್ಲಿ ಗಮನ ಮೊದಲು ಎಣ್ಣೆಯ ಕಡೆಗಿತ್ತು. ಹಾಸನ ಜಿಲ್ಲೆಯ ಮಡೆನೂರಿನಲ್ಲಿ 2007ರಲ್ಲಿ ಜೈವಿಕ ಇಂಧನ ಉದ್ಯಾನ ಆರಂಭವಾಯಿತು. ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನ ಸಂಶೋಧಕರು ಹೊಂಗೆ, ಜಟ್ರೋಫಾ, ಎಳ್ಳೆಣ್ಣೆಗಳ ಎಸ್ಟರ್‌ಗಳಿಂದ ಎಂಜಿನ್ ಓಡಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇಂಗಾ ಬೆಳೆಯುವ ಗದಗ ಸೀಮೆಯಲ್ಲಿ ತಿನ್ನುವ ಎಣ್ಣೆಯನ್ನು ಇಂಧನಕ್ಕೆ ಸುರಿಯುವುದು ಯಾರಿಗೂ ಗಿಟ್ಟದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮಿರ್ಚಿ ಅಂಗಡಿಗಳ ಕರಿದ ಎಣ್ಣೆ ಮತ್ತು ಶಾಲೆಗಳ ಬಿಸಿಯೂಟದ ಮೊಟ್ಟೆಚಿಪ್ಪು ಇಲ್ಲಿಗೆ ಹೆಚ್ಚು ಸಹಜವಾದ ಕಚ್ಚಾವಸ್ತು. ಮತ್ತೆ ಮತ್ತೆ ಕಾಯಿಸಿದಾಗ ಹೆಚ್ಚುವ ಧ್ರುವೀಯ ಸಂಯುಕ್ತಗಳು ಶೇ. 25 ಮೀರಿದ ಎಣ್ಣೆಯಲ್ಲಿ ಕರಿಯಬಾರದೆಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಅದೇ ವರ್ಷ ಬಳಸಿದ ಎಣ್ಣೆಯನ್ನು ಡೀಸೆಲ್ಲಿಗೆ ತಿರುಗಿಸುವ ರಾಷ್ಟ್ರೀಯ ಯೋಜನೆಯೂ ಬಂತು.

ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಮುಕ್ತ ಕೊಬ್ಬಿನಾಮ್ಲ ಹೆಚ್ಚು. ಸುಣ್ಣ ಅದರೊಡನೆ ಸೇರಿ ಸಾಬೂನಾಗುವುದರಿಂದ ಅಂಥ ಎಣ್ಣೆಯನ್ನು ಮೊದಲು ಗಂಧಕಾಮ್ಲದಿಂದ ಸಂಸ್ಕರಿಸಬೇಕು. ಚಿಪ್ಪು ಪುಕ್ಕಟೆ ಸಿಕ್ಕರೂ ಭಟ್ಟಿಯ ಉರುವಲಿಗೆ, ಎಣ್ಣೆಯ ಸಂಗ್ರಹಕ್ಕೆ ಖರ್ಚು ತಪ್ಪದು. ಇದರ ಜೊತೆಗೆ ಸುಣ್ಣ ಸ್ವಲ್ಪಮಟ್ಟಿಗೆ ಇಂಧನದೊಳಗೂ ಕರಗುತ್ತದೆ. ಭಾರತೀಯ ಮಾನಕ ಐಎಸ್ 15607ರ ಪ್ರಕಾರ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೇರಿ ಕಿಲೋಗೆ 5 ಮಿಲಿಗ್ರಾಂ ಮೀರುವಂತಿಲ್ಲವಾದ್ದರಿಂದ, ಸೋಸಿದ ಮೇಲೂ ಇಂಧನವನ್ನು ಶುದ್ಧೀಕರಿಸಬೇಕಾಗುತ್ತದೆ.