ಗುಂಡು ಮೊದಲೋ, ಕೋವಿ ಮೊದಲೋ?

ಕುದುರೆ ಕೊಳ್ಳಹೊರಟವನು ಅದರ ಸುಳಿ ನೋಡುತ್ತಾನೆ, ಹಲ್ಲು ಎಣಿಸುತ್ತಾನೆ, ನಡಿಗೆಯನ್ನು ಪರೀಕ್ಷಿಸುತ್ತಾನೆ. ಅವನಿಗಿಂತ ಜಾಣನಾದವನು ಊರಿನಲ್ಲಿ ಹುಲ್ಲು ಹುರುಳಿಗಳ ಧಾರಣೆ ಏನೆಂಬುದನ್ನೂ ವಿಚಾರಿಸಿಕೊಂಡು ಬರುತ್ತಾನೆ. ಕೋವಿಯ ವ್ಯಾಪಾರವೂ ಹೀಗೆಯೇ. ಕೋವಿಯನ್ನು ಒಮ್ಮೆ ಕೊಂಡರಾಯಿತು. ಅದರ ಹೊಟ್ಟೆಗೆ ಹಾಕುವ ತೋಟಾಗಳನ್ನು ಅದು ಬಾಳುವವರೆಗೂ ಕೊಳ್ಳುತ್ತಲೇ ಇರಬೇಕು. ಆದುದರಿಂದ ಕೊಳ್ಳುವವನು ಕೋವಿಯನ್ನು ಆರಿಸುತ್ತಾನೆಯೋ, ಅವನ ಉಗ್ರಾಣದಲ್ಲಿರುವ ತೋಟಾ ಕೋವಿಯನ್ನು ಆರಿಸುತ್ತದೆಯೋ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಅಮೆರಿಕದ ‘ಎಂ-1 ಗ್ಯಾರಂಡ್’ ರೈಫಲಿನ ಚರಿತ್ರೆ ಈ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ. ಆ ದೇಶದ ಸೈನ್ಯ ಅದನ್ನು ಅಂಗೀಕರಿಸಿದ್ದು 1936ರಲ್ಲಿ. ಇಂದಿಗೂ ಅಲ್ಲಿಯ ಸಾಮಾನ್ಯ ನಾಗರಿಕ ಅದನ್ನು ಕೊಳ್ಳಬಹುದು. ‘ಅಷ್ಟು ಹಳೆಯ ಮಾದರಿಗೆ ಹಣ ಕೊಡುವುದು ತಕ್ಕುದೇ?’ ಎಂದು ಅವನೂ ಯೋಚಿಸುತ್ತಾನೆ. ಇದೇ ಯೋಚನೆಯನ್ನು ಅವನಿಗಿಂತ ಮೊದಲು ಸೇನಾಪತಿಗಳು ಮಾಡಿದ್ದರು, ಶಾಸನಸಭೆ ಮಾಡಿತ್ತು, ಬೇರೆ ರಾಷ್ಟ್ರಗಳು ಮಾಡಿದ್ದವು. ಪ್ರತಿಸಲವೂ ತೀರ್ಪಿನ ಹಿಂದೆ ನಿಂತದ್ದು ತೋಟಾ.

ಮೊದಲನೆಯ ಮಹಾಯುದ್ಧದ ಸಿಪಾಯಿ ಒಂದು ಗುಂಡು ಹಾರಿಸಿದ ಮೇಲೆ ಬೋಲ್ಟಿನ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ನೂಕಿ, ಕೆಳಗೊತ್ತಿ, ಆಮೇಲೆ ಎರಡನೆಯ ಗುಂಡಿಗೆ ಗುರಿ ಹಿಡಿಯಬೇಕಾಗಿತ್ತು. ಅರೆಸ್ವಯಂಚಾಲಿತ ರೈಫಲಿನಲ್ಲಿ ಈ ಕೆಲಸವನ್ನೆಲ್ಲ ಸಿಡಿದ ಮದ್ದಿನ ಶಕ್ತಿಯೇ ಮಾಡಿಬಿಡುತ್ತದೆ. ಸಿಪಾಯಿ ಪ್ರತಿ ಗುಂಡಿಗೂ ಟ್ರಿಗರನ್ನು ಒಮ್ಮೆ ಒತ್ತಿದರೆ ಸಾಕು. ಕಣ್ಣು ಗುರಿಯಿಂದ ಕದಲಬೇಕಾಗಿಲ್ಲ. ಕೇಳುವುದಕ್ಕೆ ಸುಲಭ, ಆದರೆ ಕೆಸರು, ಮರಳು, ಹಿಮಗಳಲ್ಲಿ ಕೆಡದೆ ನಡೆಯುವಂತೆ, ಸಿಪಾಯಿ ಹೊರಲಾಗುವಷ್ಟು ಹಗುರವಾಗಿ ಇಂಥದೊಂದನ್ನು ಕಟ್ಟುವುದು ಕಷ್ಟದ ಕೆಲಸವಾಗಿತ್ತು.

ಆ ಕೆಲಸಕ್ಕೆ ಕೈಹಾಕಿದ ಜಾನ್ ಗ್ಯಾರಂಡ್ ಹುಟ್ಟಿದ್ದು 1888ರಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ. ಬಾಲ್ಯದಲ್ಲೇ ಅಮೆರಿಕಕ್ಕೆ ಬಂದು, ಬಟ್ಟೆಯ ಗಿರಣಿಯಲ್ಲಿ ದುಡಿಯುತ್ತ ಯಂತ್ರಗಳ ಮರ್ಮವನ್ನು ಅರಿತವನು. 1919ರಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ಸರ್ಕಾರಿ ಶಸ್ತ್ರಶಾಲೆಯನ್ನು ಸೇರಿದ. ತೋಟಾದ ತಳದಲ್ಲಿ ಮದ್ದಿಗೆ ಕಿಡಿ ಮುಟ್ಟಿಸುವ ಸಣ್ಣ ಬಟ್ಟಲಿರುತ್ತದಷ್ಟೆ. ಗುಂಡು ಹಾರಿದಾಗ ಆ ಬಟ್ಟಲು ಹಿಂದಕ್ಕೆ ತಳ್ಳಲ್ಪಡುವ ಬಲದಿಂದಲೇ ರೈಫಲನ್ನು ನಡೆಸಬಹುದೆಂದು ಅವನ ಮೊದಲ ಯೋಜನೆ. ಅದಕ್ಕಾಗಿ ವರ್ಷಗಟ್ಟಲೆ ಶ್ರಮಪಟ್ಟ. ಅಷ್ಟರಲ್ಲಿ, 1925ರ ಸುಮಾರಿಗೆ, ಸೈನ್ಯ ತನ್ನ ತೋಟಾವನ್ನೇ ಬದಲಿಸಿತು: ಹೊಸ ಬಗೆಯ ಮದ್ದು ಬಂತು, ಬಟ್ಟಲು ಅಲುಗದಂತೆ ಬಿಗಿದು ಕೂರಿಸುವ ಪದ್ಧತಿ ಬಂತು. ಗ್ಯಾರಂಡನ ಯಂತ್ರ ನಿಂತ ನೆಲವೇ ಕುಸಿಯಿತು. ಅವನು ಗೊಣಗುತ್ತ ಕೂರದೆ, ನಳಿಗೆಯಿಂದ ಹೊರಬರುವ ಅನಿಲದ ಒತ್ತಡವನ್ನು ಬಳಸುವ ಹೊಸ ಮಾರ್ಗವನ್ನು ಹಿಡಿದ.

ಇದೇ ಕಾಲಕ್ಕೆ ಜಾನ್ ಪೆಡರ್ಸನ್ ಎಂಬ ಇನ್ನೊಬ್ಬ ಶಸ್ತ್ರವಿಶಾರದ ಬೇರೊಂದು ವಾದವನ್ನು ಮುಂದಿಟ್ಟ. ಸೈನ್ಯದ .30 ಅಂಗುಲದ ತೋಟಾ ಅಗತ್ಯಕ್ಕಿಂತ ಹೆಚ್ಚು ಬಲದ್ದು; .276 ಅಂಗುಲದ ಸಣ್ಣ ತೋಟಾವಾದರೆ ರೈಫಲು ಹಗುರವಾಗುತ್ತದೆ, ಹೆಗಲಿಗೆ ಬೀಳುವ ಒದೆತ ಕಡಮೆಯಾಗುತ್ತದೆ, ಸಿಪಾಯಿ ಹೆಚ್ಚು ಗುಂಡುಗಳನ್ನು ಹೊರಬಲ್ಲ ಎಂದು ಅವನ ಎಣಿಕೆ. ಸಣ್ಣ ಗುಂಡಿನ ಮಾರಕಶಕ್ತಿಯನ್ನು ಅಳೆಯಲು 1928ರಲ್ಲಿ ಅರಿವಳಿಕೆ ಕೊಟ್ಟ ಹಂದಿಗಳ ಮೇಲೆ ಪರೀಕ್ಷೆಯೂ ನಡೆಯಿತು. ಮೂಕಪ್ರಾಣಿಗಳ ಈ ಪಾಡನ್ನು ಓದುವಾಗ ಮನಸ್ಸು ಹಿಂಜರಿಯುತ್ತದೆ. ಆದರೆ ಮನುಷ್ಯರ ಮೇಲೆ ಬಳಸುವುದಕ್ಕೆಂದೇ ಸಿದ್ಧವಾಗುತ್ತಿದ್ದ ವಸ್ತು ಅದು ಎಂಬುದನ್ನೂ ಮರೆಯುವ ಹಾಗಿಲ್ಲ. ಪರೀಕ್ಷೆಯ ಫಲ ಸಣ್ಣ ಗುಂಡಿಗೆ ಅನುಕೂಲವಾಗಿಯೇ ಬಂತು. ಗ್ಯಾರಂಡನೂ ತನ್ನ ರೈಫಲನ್ನು ಅದೇ ಅಳತೆಗೆ ತಂದ. ಪೆಡರ್ಸನನ ರೈಫಲಿಗೆ ಮೇಣ ಸವರಿದ ತೋಟಾಗಳು ಬೇಕಾಗಿದ್ದವು. ಗ್ಯಾರಂಡನದಕ್ಕೆ ಆ ಉಪಚಾರ ಬೇಕಿರಲಿಲ್ಲ. ಪರೀಕ್ಷಕರ ಒಲವು ಕ್ರಮೇಣ ಗ್ಯಾರಂಡನ ಕಡೆಗೆ ತಿರುಗಿ, .276 ಗ್ಯಾರಂಡಿಗೆ ಶಿಫಾರಸು ಸಿಕ್ಕಿತು.

ಆಗ ಸೈನ್ಯದ ಮುಖ್ಯಸ್ಥನಾಗಿದ್ದವನು ಜನರಲ್ ಡಗ್ಲಸ್ ಮೆಕಾರ್ಥರ್. 1932ರ ಫೆಬ್ರವರಿಯಲ್ಲಿ ಅವನು ಶಿಫಾರಸನ್ನು ತಳ್ಳಿಹಾಕಿ, ಹೊಸ ರೈಫಲು ಹಳೆಯ .30 ತೋಟಾವನ್ನೇ ಹಾರಿಸತಕ್ಕದ್ದೆಂದು ಅಪ್ಪಣೆ ಮಾಡಿದ. ಕಾಲ ಆರ್ಥಿಕ ಮುಗ್ಗಟ್ಟಿನದು. ಅದೇ ವರ್ಷದ ಬೇಸಗೆಯಲ್ಲಿ, ತಮಗೆ ಬರಬೇಕಾದ ಹಣಕ್ಕಾಗಿ ವಾಷಿಂಗ್ಟನ್ನಿಗೆ ಬಂದು ಬೀಡುಬಿಟ್ಟಿದ್ದ ಮಾಜಿ ಸೈನಿಕರನ್ನು ಇದೇ ಮೆಕಾರ್ಥರ್ ಸೈನ್ಯಬಲದಿಂದ ಚದುರಿಸಿದ. ಯೋಧನಿಗೆ ಕೊಡಲು ಹಣವಿಲ್ಲದ ಸರ್ಕಾರ ಹೊಸ ತೋಟಾಕ್ಕೆ ಹಣವನ್ನು ಎಲ್ಲಿಂದ ತಂದೀತು? ಉಗ್ರಾಣಗಳಲ್ಲಿ .30 ತೋಟಾಗಳ ರಾಶಿಯೇ ಬಿದ್ದಿತ್ತು. ಮೆಷಿನ್‌ಗನ್ನುಗಳೂ ಅದನ್ನೇ ಉಣ್ಣುತ್ತಿದ್ದವು. ಒಂದು ಸೈನ್ಯಕ್ಕೆ ಎರಡು ಬಗೆಯ ಊಟ ಒದಗಿಸುವುದು ಯುದ್ಧಕಾಲದಲ್ಲಿ ಸಣ್ಣ ತೊಡಕಲ್ಲ. ಗ್ಯಾರಂಡ್ .30 ಅಳತೆಯ ರೈಫಲಿನ ಕೆಲಸವನ್ನೂ ಜೊತೆಗೇ ನಡೆಸಿದ್ದರಿಂದ ಕಾರ್ಯ ಕೆಡಲಿಲ್ಲ. ಆದರೆ ಹತ್ತು ಗುಂಡು ಹಿಡಿಯುತ್ತಿದ್ದ ರೈಫಲು ಎಂಟು ಗುಂಡಿಗೆ ಇಳಿಯಿತು. ಹಳೆಯ ದಾಸ್ತಾನನ್ನು ಉಳಿಸಿಕೊಂಡದ್ದಕ್ಕೆ ತೆತ್ತ ಬೆಲೆ ಎರಡು ಗುಂಡು.

1936ರ ಜನವರಿಯಲ್ಲಿ ರೈಫಲು ಅಂಗೀಕೃತವಾಯಿತು. ಅಂಗೀಕಾರವಾದ ಮಾತ್ರಕ್ಕೆ ದೋಷಗಳು ಮುಗಿಯಲಿಲ್ಲ. ನಳಿಗೆಯ ತುದಿಯಲ್ಲಿ ಅನಿಲವನ್ನು ಹಿಡಿಯುವ ಏರ್ಪಾಡು ತೊಂದರೆ ಕೊಟ್ಟಿತು. ನಳಿಗೆಗೇ ಸಣ್ಣ ರಂಧ್ರ ಕೊರೆದು ಅದನ್ನು ಸರಿಪಡಿಸಬೇಕಾಯಿತು. ಈ ಗೊಂದಲದ ನಡುವೆ ಮೆಲ್ವಿನ್ ಜಾನ್ಸನ್ ಎಂಬ ವಕೀಲ, ನೌಕಾಪದಾತಿಯ ಮೀಸಲು ಅಧಿಕಾರಿ, ತಾನು ರಚಿಸಿದ ರೈಫಲನ್ನು ಮುಂದೆ ತಂದ. ಅದು ಹತ್ತು ಗುಂಡು ಹಿಡಿಯುತ್ತಿತ್ತು. 1940ರಲ್ಲಿ ವಿಷಯ ಶಾಸನಸಭೆಯ ಸಮಿತಿಗಳವರೆಗೂ ಹೋಯಿತು, ಪತ್ರಿಕೆಗಳಲ್ಲಿ ವಾಗ್ವಾದವೆದ್ದಿತು. ಆದರೆ ಗ್ಯಾರಂಡಿಗೆ ಬೇಕಾದ ಯಂತ್ರೋಪಕರಣಗಳು ಅದಾಗಲೇ ಕಾರ್ಖಾನೆಯಲ್ಲಿ ತಿರುಗತೊಡಗಿದ್ದವು. ಯುದ್ಧ ಬಾಗಿಲಿಗೆ ಬಂದಿರುವಾಗ ಎತ್ತು ಬದಲಿಸಿ ಉಳಲು ಯಾರೂ ಒಪ್ಪಲಿಲ್ಲ. ಆ ವರ್ಷದ ಕೊನೆಗೆ ನೌಕಾಪದಾತಿ ನಡೆಸಿದ ಪರೀಕ್ಷೆಯಲ್ಲಿಯೂ ಗ್ಯಾರಂಡೇ ಆಯ್ಕೆಯಾಯಿತು. ಅದೇ ಪರೀಕ್ಷೆಯಲ್ಲಿ, ಕೆಸರು ಮರಳುಗಳ ಕಾಟವನ್ನು ಎಲ್ಲಕ್ಕಿಂತ ಚೆನ್ನಾಗಿ ತಡೆದುಕೊಂಡದ್ದು ಹಳೆಯ ಬೋಲ್ಟಿನ ಸ್ಪ್ರಿಂಗ್‌ಫೀಲ್ಡ್ ರೈಫಲು! ಹೊಸದರಲ್ಲಿ ಎಲ್ಲ ಗುಣಗಳೂ ಒಟ್ಟಿಗೇ ಇರಬೇಕೆಂಬ ನಿಯಮವಿಲ್ಲವಷ್ಟೆ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್, ಬ್ರಿಟಿಷ್, ಜಪಾನಿ ಕಾಲಾಳುಗಳ ಬಹುಭಾಗ ಬೋಲ್ಟಿನ ರೈಫಲುಗಳನ್ನೇ ಹಿಡಿದಿದ್ದಾಗ, ಅಮೆರಿಕದ ಕಾಲಾಳಿನ ಸಾಮಾನ್ಯ ಆಯುಧ ಅರೆಸ್ವಯಂಚಾಲಿತವಾಗಿತ್ತು. ನಾಲ್ಕೂಕಾಲು ಕಿಲೋಗ್ರಾಮಿಗೂ ಮಿಕ್ಕ ತೂಕ. ಎಂಟು ಗುಂಡು ಮುಗಿದೊಡನೆ ಉಕ್ಕಿನ ಹಿಡಿಕೆ ಠಣ್ ಎಂದು ಹೊರಕ್ಕೆ ಹಾರುತ್ತಿತ್ತು. ಒಟ್ಟು 50 ಲಕ್ಷಕ್ಕೂ ಹೆಚ್ಚು ಗ್ಯಾರಂಡುಗಳು ತಯಾರಾದವು. ಕೊರಿಯಾದ ಯುದ್ಧದಲ್ಲಿಯೂ ಅವೇ ನಡೆದವು.

ಆಮೇಲೆ ತೋಟಾ ಮತ್ತೊಮ್ಮೆ ಬದಲಾಯಿತು. ನೇಟೋ ರಾಷ್ಟ್ರಗಳು 7.62 ಮಿಲಿಮೀಟರಿನ, ಹಳೆಯದಕ್ಕಿಂತ ಗಿಡ್ಡವಾದ ತೋಟಾವನ್ನು 1950ರ ದಶಕದಲ್ಲಿ ಒಪ್ಪಿಕೊಂಡವು; ಅದರ ಬೆನ್ನಿಗೇ 1957ರಲ್ಲಿ ಅಮೆರಿಕ ‘ಎಂ-14’ ರೈಫಲನ್ನು ಅಂಗೀಕರಿಸಿತು. ಗ್ಯಾರಂಡನ್ನು ತಾನೇ ತಯಾರಿಸುತ್ತಿದ್ದ ಇಟಲಿ ಇನ್ನೊಂದು ಉಪಾಯ ಮಾಡಿತು: ಬೆರೆಟ್ಟಾ ಕಾರ್ಖಾನೆ ಹಳೆಯ ಮಾದರಿಯನ್ನೇ ಹೊಸ ತೋಟಾಕ್ಕೆ ಹೊಂದಿಸಿ, 20 ಗುಂಡುಗಳ ಪೆಟ್ಟಿಗೆ ಜೋಡಿಸಿ ‘ಬಿಎಂ-59’ ಎಂದು ಕರೆಯಿತು.

ನಮ್ಮ ದೇಶವೂ ಈ ಲೆಕ್ಕಾಚಾರದಿಂದ ಹೊರಗಿರಲಿಲ್ಲ. 1962ರಲ್ಲಿ ಚೀನಾದ ವಿರುದ್ಧ ಹಿಮಾಲಯದಲ್ಲಿ ನಿಂತ ನಮ್ಮ ಜವಾನರ ಕೈಯಲ್ಲಿದ್ದದ್ದು ಬಹುಮಟ್ಟಿಗೆ .303 ಲೀ-ಎನ್‌ಫೀಲ್ಡ್, ಅಂದರೆ ಬೋಲ್ಟಿನ ರೈಫಲು. ಎದುರಾಳಿಯ ಬಳಿ ಅರೆಸ್ವಯಂಚಾಲಿತ ಆಯುಧಗಳಿದ್ದವು. ಆ ಸೋಲಿಗೆ ಬೇರೆ ಕಾರಣಗಳು ಬಹಳ. ಆದರೂ ಈ ಅಂತರ ಕಣ್ಣಿಗೆ ಹೊಡೆಯುತ್ತದೆ. ಅನಂತರ ಈಶಾಪುರದ ಕಾರ್ಖಾನೆಯಿಂದ 7.62 ಮಿಲಿಮೀಟರಿನ ಅರೆಸ್ವಯಂಚಾಲಿತ ರೈಫಲು ಬಂತು. ಅದರೊಡನೆ ಅದೇ ಕಾರ್ಖಾನೆ ಹಳೆಯ ಎನ್‌ಫೀಲ್ಡಿನ ಮಾದರಿಯನ್ನೇ ಹೊಸ ತೋಟಾಕ್ಕೆ ಹೊಂದಿಸಿ ‘2ಎ’ ಎಂಬ ರೈಫಲನ್ನೂ ಮಾಡಿತು. ಇಲ್ಲಿಯೂ ಮೊದಲು ಬಂದದ್ದು ತೋಟಾ. ಹಳೆಯದೂ ಹೊಸದೂ ಅದರ ಮುಂದೆ ತಲೆಬಾಗಿದವು.

ಇನ್ನು ಇಂದಿನ ಅಮೆರಿಕದ ಗಿರಾಕಿಯ ಮಾತು. ನಾಗರಿಕರಿಗೆ ಗುರಿಯ ಅಭ್ಯಾಸ ಮಾಡಿಸಬೇಕೆಂದು ಅಲ್ಲಿಯ ಸರ್ಕಾರ 1903ರಲ್ಲಿಯೇ ಆರಂಭಿಸಿದ ಕಾರ್ಯ, 1996ರ ಶಾಸನದಿಂದ ಸರ್ಕಾರದ ಹೊರಗಿನ ಒಂದು ಸಂಸ್ಥೆಗೆ ವಹಿಸಲ್ಪಟ್ಟಿತು. ಸೈನ್ಯಕ್ಕೆ ಬೇಡವಾದ ಗ್ಯಾರಂಡುಗಳನ್ನು, ಗಿರಾಕಿಯ ಪೂರ್ವಾಪರ ವಿಚಾರಿಸಿ, ದರ್ಜೆ ಕಟ್ಟಿ ಮಾರುವುದು ಇದೇ ಸಂಸ್ಥೆ. ಕೊಳ್ಳುವವನು ನಳಿಗೆ ಎಷ್ಟು ಸವೆದಿದೆಯೆಂದು ಅಳತೆಯ ಕಡ್ಡಿಯಿಂದ ನೋಡಬೇಕು. ಸೈನ್ಯದ ದುರಸ್ತಿಶಾಲೆಗಳಲ್ಲಿ ಬಿಚ್ಚಿ ಜೋಡಿಸಿದವಾದುದರಿಂದ ಬಿಡಿಭಾಗಗಳು ಬೇರೆ ಬೇರೆ ಕಾರ್ಖಾನೆಯವಾಗಿರುವುದು ಸಹಜವೆಂದು ತಿಳಿದಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಪುನಃ ತೋಟಾ. ಅಳತೆ ಒಂದೇ ಎಂದು ಅಂಗಡಿಯಿಂದ ಬೇಟೆಯ ಭಾರಿ ತೋಟಾ ತಂದು ತುಂಬಿದರೆ, ನಿಧಾನವಾಗಿ ಉರಿಯುವ ಅದರ ಮದ್ದು ಅನಿಲದ ರಂಧ್ರದಲ್ಲಿ ಒತ್ತಡ ಹೆಚ್ಚಿಸಿ, ಯಂತ್ರವನ್ನು ನಡೆಸುವ ಉದ್ದನೆಯ ಸರಳನ್ನೇ ಬಗ್ಗಿಸಬಹುದು. ಹಳೆಯ ಸೈನ್ಯದ ತೋಟಾಗಳಲ್ಲಿ ಕೆಲವು ನಳಿಗೆಗೆ ತುಕ್ಕು ತರುವಂಥವು. ಹಾರಿಸಿದ ದಿನವೇ ತೊಳೆಯದಿದ್ದರೆ ಕೆಟ್ಟಿತು. ಅಗ್ಗಕ್ಕೆ ಕೊಂಡ ಕುದುರೆ ಹುಲ್ಲಿನಲ್ಲಿ ಬೆಲೆಯನ್ನು ವಸೂಲು ಮಾಡುತ್ತದೆ.

ಆದರೂ ಅವನು ಕೊಳ್ಳುತ್ತಾನೆ. ಗುರಿಯ ಸ್ಪರ್ಧೆಗೆಂದು ಕೆಲವರು, ತಾತ ಹೊತ್ತ ಆಯುಧವೆಂಬ ಅಭಿಮಾನದಿಂದ ಕೆಲವರು. ಆ ಅಭಿಮಾನವನ್ನು ನಾವು ಹಾಸ್ಯ ಮಾಡಬೇಕಾಗಿಲ್ಲ. ಆದರೆ ಈ ಕ್ರಯವಿಕ್ರಯಗಳ ನಡುವೆ ನಿಂತ ಒಬ್ಬ ಮನುಷ್ಯನನ್ನು ನೆನೆಯದೆ ಮುಗಿಸುವುದು ಸಲ್ಲದು. ಗ್ಯಾರಂಡ್ ತನ್ನ ಹಕ್ಕುಗಳನ್ನೆಲ್ಲ ಸರ್ಕಾರಕ್ಕೆ ಬಿಟ್ಟುಕೊಟ್ಟ. 50 ಲಕ್ಷ ರೈಫಲುಗಳಲ್ಲಿ ಒಂದಕ್ಕೂ ಅವನಿಗೆ ರಾಜಧನ ಸಲ್ಲಲಿಲ್ಲ. ಅವನಿಗೆ ಒಂದು ಲಕ್ಷ ಡಾಲರು ಕೊಡಬೇಕೆಂದು ಶಾಸನಸಭೆಯಲ್ಲಿ ಬಂದ ಮಸೂದೆ ಅಂಗೀಕಾರವಾಗಲಿಲ್ಲ. 1953ರವರೆಗೆ ಸಂಬಳದ ನೌಕರನಾಗಿಯೇ ದುಡಿದು ನಿವೃತ್ತನಾಗಿ, 1974ರಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ತೀರಿಕೊಂಡ. ತೋಟಾಗಳ ದಾಸ್ತಾನನ್ನು ಒಂದೊಂದಾಗಿ ಎಣಿಸಿದ ಸರ್ಕಾರಕ್ಕೆ ಈ ಒಂದು ಬಾಕಿಯನ್ನು ಬರೆದುಕೊಳ್ಳಲು ತನ್ನ ಲೆಕ್ಕದ ಪುಸ್ತಕದಲ್ಲಿ ಜಾಗ ಸಿಕ್ಕಲಿಲ್ಲ.